ಎಂಟು ಗಂಟೆಯ ಫೋನು, ಹಳದಿ ಪುಸ್ತಕ

ವಿದೇಶಕ್ಕೆ ಸಂಸಾರ ಸಮೇತ ಹೊರಡುವ ಮೊದಲು ಸಂಬಳ, ಶಾಲೆ, ಬಾಡಿಗೆ ಎಲ್ಲವನ್ನೂ ಅಳೆದು ತೂಗುವವರು ಆಸ್ಪತ್ರೆಯ ಮಾತು ಬಂದಾಗ ಮಾತ್ರ ‘ಅಲ್ಲಿ ಎಲ್ಲಾ ಉಚಿತವಂತೆ’ ಎಂದು ಮುಗಿಸಿಬಿಡುತ್ತಾರೆ. ನಾವು ನಾಲ್ಕು ವರ್ಷ ಜರ್ಮನಿಯಲ್ಲಿದ್ದು ಈಗ ಇಂಗ್ಲೆಂಡಿನಲ್ಲಿದ್ದೇವೆ. ತಂಗಿಯ ಸಂಸಾರ ಅಮೆರಿಕದಲ್ಲಿ. ಮೂರೂ ಕಡೆ ತಲೆನೋವು ಇದೆ, ಆದರೆ ಬೇರೆ ಬೇರೆ ಬಗೆಯದು.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆಯಾದ ಎನ್‌ಎಚ್‌ಎಸ್ 1948ರಿಂದ ಮುಖ್ಯವಾಗಿ ತೆರಿಗೆಯ ಹಣದಲ್ಲಿ ನಡೆಯುತ್ತಿದೆ. ವೈದ್ಯರ ಬಳಿ ಹೋದರೆ ಕೈಯಿಂದ ಏನೂ ಕೊಡಬೇಕಾಗಿಲ್ಲ, ನಿಜ. ಆದರೆ ವೀಸಾ ಪಡೆದು ಬರುವ ನಮ್ಮಂಥವರು ಮೊದಲೇ ಕೊಟ್ಟಿರುತ್ತೇವೆ. 2024ರ ದರದಂತೆ ಆರೋಗ್ಯ ಸರ್‌ಚಾರ್ಜ್, ಅಂದರೆ ವೀಸಾ ಅರ್ಜಿಯ ಜೊತೆ ಕಟ್ಟುವ ಆರೋಗ್ಯ ಶುಲ್ಕ, ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ವೀಸಾದ ಇಡೀ ಅವಧಿಯದ್ದನ್ನು ಒಟ್ಟಿಗೇ ಕಟ್ಟಬೇಕು. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಮೂರು ವರ್ಷದ್ದು 10,866 ಪೌಂಡ್. ಕಂಪನಿ ಕೊಡುತ್ತದೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಅಷ್ಟು ಕಟ್ಟಿ ಬಂದ ಮೇಲೂ ಕಾಯುವುದು ತಪ್ಪುವುದಿಲ್ಲ. ಮಗನಿಗೆ ರಾತ್ರಿಯಿಡೀ ಕಿವಿನೋವು. ಬೆಳಿಗ್ಗೆ ಸರಿಯಾಗಿ ಎಂಟಕ್ಕೆ ಕ್ಲಿನಿಕ್ಕಿಗೆ ಫೋನು ಮಾಡಿದರೆ ಸರತಿಯಲ್ಲಿ ನಾನು ಹದಿನೇಳನೆಯವಳು. ನನ್ನ ಸರದಿ ಬರುವಷ್ಟರಲ್ಲಿ ಆ ದಿನದ ಭೇಟಿಗಳೆಲ್ಲ ಮುಗಿದಿದ್ದವು. ಕೊನೆಗೆ ಕಾಪಾಡಿದವರು ಔಷಧಿ ಅಂಗಡಿಯ ಫಾರ್ಮಸಿಸ್ಟ್. ಇಂಗ್ಲೆಂಡಿನಲ್ಲಿ 2024ರಿಂದ ಒಂದರಿಂದ ಹದಿನೇಳು ವರ್ಷದವರ ಕಿವಿನೋವಿಗೆ ಅವರೇ ಪರೀಕ್ಷಿಸಿ ಔಷಧಿ ಕೊಡಬಹುದು. ಕಿವಿಯೊಳಗೆ ದೀಪ ಹಾಕಿ ನೋಡಿ, ಹತ್ತೇ ನಿಮಿಷದಲ್ಲಿ ಔಷಧಿಯ ಬಾಟಲಿ ಕೈಗಿತ್ತರು. ಮಕ್ಕಳ ಔಷಧಿಗೆ ಹಣ ಕೊಡಬೇಕಾಗಿಲ್ಲ. ಈ ದಾರಿ ನನಗೆ ಮೊದಲೇ ಗೊತ್ತಿದ್ದರೆ ಎಂಟು ಗಂಟೆಗೆ ಫೋನು ಹಿಡಿದು ಕಾಯುತ್ತಾ ಆ ಸಂಗೀತವನ್ನು ಕೇಳುವ ಕರ್ಮ ತಪ್ಪುತ್ತಿತ್ತು!

ಜರ್ಮನಿಯಲ್ಲಿ ಕಾರ್ಡು ಹಿಡಿದು ನೇರವಾಗಿ ಮಕ್ಕಳ ವೈದ್ಯರ ಬಳಿಗೇ ಹೋಗಬಹುದು. ಸರ್ಕಾರಿ ವಿಮೆಗೆ ಸಂಬಳದ 14.6 ಶೇಕಡಾ, ಅದರ ಮೇಲೆ ಆಯಾ ವಿಮಾಸಂಸ್ಥೆಯ ಹೆಚ್ಚುವರಿ ಪಾಲು. ಅರ್ಧ ನಮ್ಮದು, ಅರ್ಧ ಕಂಪನಿಯದು. ಕೆಲಸದಲ್ಲಿರುವವರ ಮಕ್ಕಳು ಸಾಮಾನ್ಯವಾಗಿ ಅದರಲ್ಲೇ ಸೇರುತ್ತಾರೆ. ಹುಟ್ಟಿದಾಗಲೇ ಒಂದು ಹಳದಿ ಪುಸ್ತಕ ಕೊಡುತ್ತಾರೆ. ಶಾಲೆ ಸೇರುವ ಹೊತ್ತಿನವರೆಗಿನ ಪ್ರತಿ ತಪಾಸಣೆಯೂ, ತೂಕ, ಎತ್ತರ, ಮಾತು, ನಡಿಗೆ ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ಕಷ್ಟ ಒಂದೇ: ‘ಹೊಸಬರನ್ನು ಸೇರಿಸಿಕೊಳ್ಳುತ್ತಿಲ್ಲ’ ಎಂಬ ಉತ್ತರ. ಆರು ಕ್ಲಿನಿಕ್ಕುಗಳಿಂದ ಅದನ್ನೇ ಕೇಳಿದೆ, ಅದೂ ನನ್ನ ಹರಕು ಜರ್ಮನ್‌ನಲ್ಲಿ.

ತಂಗಿಗೆ ಈ ಕಾಯುವ ಗೋಳಿಲ್ಲ, ಅವತ್ತೇ ವೈದ್ಯರು ಸಿಗುತ್ತಾರೆ. ಮಗಳು ಉಯ್ಯಾಲೆಯಿಂದ ಬಿದ್ದಾಗ ಮಾತ್ರ ಅವಳು ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಆ ಆಸ್ಪತ್ರೆ ತಮ್ಮ ವಿಮೆಯ ಪಟ್ಟಿಯಲ್ಲಿದೆಯೇ ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದಳು. ಆರು ವಾರದ ನಂತರ ಬಿಲ್ಲು ಬಂತು. ವಿಮೆ ಹಣ ಕೊಡಲು ಶುರುಮಾಡುವ ಮೊದಲು ನಾವೇ ತುಂಬಬೇಕಾದ ಮೊತ್ತ ಇನ್ನೂ ಬಾಕಿ ಇತ್ತಂತೆ. ಕೆಲಸ ಹೋದರೆ ಕಂಪನಿಯ ವಿಮೆಯೂ ಹೋಗುವ ಭಯ ಬೇರೆ.

ಚಿಕ್ಕ ಮಕ್ಕಳಿದ್ದರೆ ನಾನು ಕಣ್ಣು ಮುಚ್ಚಿ ಜರ್ಮನಿ ಎನ್ನುತ್ತೇನೆ. ಎಲ್ಲಿಗೇ ಹೋಗಿ, ಹೊರಡುವ ಮೊದಲು ಲಸಿಕೆಯ ದಾಖಲೆಯನ್ನು ಇಂಗ್ಲಿಷಿಗೆ ಅನುವಾದ ಮಾಡಿಸಿಟ್ಟುಕೊಳ್ಳಿ. ಇಲ್ಲಿನ ನರ್ಸ್ ನಮ್ಮ ಜರ್ಮನ್ ದಾಖಲೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಮುಂದಿನ ವಾರ ಬನ್ನಿ ಎಂದು ಕಳುಹಿಸಿದರು.