ರಾತ್ರಿ ಒಂದರವರೆಗೆ ಪಾರ್ಸೆಲ್ ಅಂಗಡಿ: ಲೈಸೆನ್ಸ್ ಮಾಡಿಸಿದವರು ಸ್ವಲ್ಪ ಹೇಳಿ

ನಾಗರಬಾವಿಯಿಂದ ಕೇಳಿದವರು

ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ ಸೇರಿ ಬೆಂಗಳೂರಲ್ಲಿ ಒಂದು ಪಾರ್ಸೆಲ್ ಅಂಗಡಿ ಹಾಕೋಣ ಅಂತಿದ್ದೀವಿ. ದೊನ್ನೆ ಬಿರಿಯಾನಿ, ಕಬಾಬ್, ಎಗ್ ರೈಸ್, ಅಷ್ಟೇ. ಕೂತು ತಿನ್ನೋಕೆ ಜಾಗ ಇಲ್ಲ, ಕೌಂಟರ್ ಮಾತ್ರ. ಸಂಜೆ ಏಳಕ್ಕೆ ಶುರು, ರಾತ್ರಿ ಒಂದಕ್ಕೆ ಶಟರ್. ಮಳಿಗೆ ನೋಡಿ ಆಗಿದೆ, ಮೇಲೆ ಓನರ್ ಮನೆ, ಪಕ್ಕದಲ್ಲೂ ಮನೆಗಳೇ. ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳ್ತಿದ್ದಾರೆ. ಲೈಸೆನ್ಸ್ ಬಗ್ಗೆ ಕೇಳಿದರೆ ಬ್ರೋಕರ್ "ಅದೆಲ್ಲಾ ಆನ್‌ಲೈನ್ ಸಾರ್, ತಲೆ ಕೆಡಿಸ್ಕೋಬೇಡಿ" ಅಂತಾನೆ. ಅವನು ಹಾಗೆ ಹೇಳಿದ ಮೇಲೇ ತಲೆ ಕೆಟ್ಟಿರೋದು. ದುಡ್ಡು ಕೊಡೋಕೆ ಮುಂಚೆ ಏನೇನು ನೋಡ್ಕೋಬೇಕು?

ವಿಜಯನಗರದ ಹೋಟೆಲ್‌ನವರು

ಸಾರ್, ಮೊದಲು ಟೇಪ್ ತಗೊಂಡು ರಸ್ತೆ ಅಳೀರಿ. ತಮಾಷೆ ಅಲ್ಲ. ವಸತಿ ವಲಯದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ಇಂಥ ವ್ಯಾಪಾರಕ್ಕೆ ಪಾಲಿಕೆಯ ಟ್ರೇಡ್ ಲೈಸೆನ್ಸ್ ಸಿಗೋದಿಲ್ಲ. ಇದು ಮಾಸ್ಟರ್ ಪ್ಲಾನ್‌ನ ವಲಯ ನಿಯಮ. ಆ ಪ್ಲಾನ್ ಹೆಸರು 'ಆರ್‌ಎಂಪಿ 2015', ಹಳೇದು ಅನ್ನಿಸಬಹುದು, ಆದರೆ 2031ರ ಕರಡನ್ನ ಸರ್ಕಾರ ವಾಪಸ್ ತಗೊಂಡಿದ್ದರಿಂದ ಆಮೇಲೂ ಅದರಲ್ಲೇ ನಡೀತಾ ಬಂದಿದೆ. ಇಂದಿರಾನಗರ, ಕೋರಮಂಗಲದ ನಿವಾಸಿಗಳು ಹೈಕೋರ್ಟ್‌ವರೆಗೆ ಹೋಗಿ ಹೋರಾಡಿದ್ದೂ ಇಂಥ ವಿಚಾರಕ್ಕೇ.

"ಅದೇ ರಸ್ತೆಯಲ್ಲಿ ಇನ್ನೊಬ್ಬನ ಅಂಗಡಿ ನಡೀತಿದೆಯಲ್ಲ" ಅಂತ ಬ್ರೋಕರ್ ತೋರಿಸ್ತಾನೆ, ನೋಡ್ತಿರಿ. ನಡೀತಿರತ್ತೆ. ಯಾರೂ ದೂರು ಕೊಡದೇ ಇರೋವರೆಗೂ ನಡೆಯತ್ತೆ. ಅವನು ಸಂಜೆ ಎಂಟಕ್ಕೆ ಬಾಗಿಲು ಹಾಕೋ ದಿನಸಿ ಅಂಗಡಿಯವನು, ಅವನ ಮೇಲೆ ದೂರು ಕೊಡೋರು ಯಾರು? ನೀವು ರಾತ್ರಿ ಒಂದರವರೆಗೆ ಒಗ್ಗರಣೆ ಹಾಕೋರು.

ಇನ್ನೊಂದು, ಓನರ್ ಆ ಮಳಿಗೆಗೆ ಆಸ್ತಿ ತೆರಿಗೆ ಯಾವ ಲೆಕ್ಕದಲ್ಲಿ ಕಟ್ತಿದ್ದಾರೆ ಕೇಳಿ. ಮನೆ ಅಂತ ಕಟ್ಟಿದ್ದರೆ, ವಾಣಿಜ್ಯ ದರಕ್ಕೆ ಬದಲಾಯಿಸಿ ಅಂದ ಕೂಡಲೇ ಮುಖ ಸಣ್ಣದಾಗತ್ತೆ. ಅರ್ಜಿ ಜೊತೆ ಬಾಡಿಗೆ ಕರಾರು, ಓನರ್ ಒಪ್ಪಿಗೆ ಪತ್ರ, ತೆರಿಗೆ ರಸೀದಿ ಎಲ್ಲ ಕೇಳ್ತಾರೆ. ಬೆಸ್ಕಾಂ ಮೀಟರ್ ಕೂಡ ಮನೆ ಸಂಪರ್ಕವೋ ವಾಣಿಜ್ಯವೋ ನೋಡಿ.

ಜೆ.ಪಿ. ನಗರ, ಕ್ಲೌಡ್ ಕಿಚನ್ ನಡೆಸುವವರು

ವಿಜಯನಗರದ ಸಾರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಅಡುಗೆಮನೆ ಒಳಗಿನ ವಿಚಾರ ಹೇಳ್ತೀನಿ.

ಎಫ್‌ಎಸ್‌ಎಸ್‌ಎಐ ಬೇರೆ, ಟ್ರೇಡ್ ಲೈಸೆನ್ಸ್ ಬೇರೆ. ಬಹಳ ಜನ ಮೊದಲನೇದು ಕೈಗೆ ಬಂದ ತಕ್ಷಣ ಎಲ್ಲ ಮುಗೀತು ಅಂದ್ಕೋತಾರೆ, ಯಾಕಂದ್ರೆ ಡೆಲಿವರಿ ಆ್ಯಪ್‌ನವರು ಮೊದಲು ಕೇಳೋದು ಆ 14 ಅಂಕಿಯ ನಂಬರನ್ನೇ. ಅದು ಆಹಾರ ಸುರಕ್ಷತೆಗೆ. ಆ ಜಾಗದಲ್ಲಿ ವ್ಯಾಪಾರ ಮಾಡಬಹುದಾ ಅನ್ನೋದು ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಬಿಟ್ಟಿದ್ದು. ಎರಡರ ನಂಬರೂ ಕೌಂಟರ್ ಮುಂದೆ ಕಾಣೋ ಹಾಗೆ ಹಾಕಿ.

ಕಬಾಬ್ ಮಾಡ್ತೀರಿ ಅಂದ್ರಿ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಕಬಾಬ್‌ಗೆ ಕೃತಕ ಬಣ್ಣ ಹಾಕೋದನ್ನ ನಿಷೇಧ ಮಾಡಿದೆ, ಅದೇ ವರ್ಷ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ ಮಾಡಿತ್ತು. ನಿಮ್ಮ ಅಡುಗೆ ಭಟ್ಟರು ಹಳೇ ಕಾಲದವರಾದರೆ ಮಸಾಲೆ ಡಬ್ಬಿ ಪಕ್ಕ ಆ ಕೇಸರಿ ಪುಡಿ ಪೊಟ್ಟಣ ಇದ್ದೇ ಇರತ್ತೆ. ಮೊದಲ ದಿನವೇ ಎಸೀರಿ. ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕಿದರೆ ಬರೋ ಬಣ್ಣ ಸಾಕು. ಮೊದಮೊದಲು ಗಿರಾಕಿಗಳು "ಏನಕ್ಕಾ ಕೆಂಪಗೇ ಇಲ್ಲ" ಅಂತಾರೆ, ಆಮೇಲೆ ಒಗ್ಗಿಹೋಗ್ತಾರೆ.

ಪಾರ್ಸೆಲ್ ಕವರ್ ವಿಚಾರ: ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರ್ ನಿಷೇಧ 2016ರಿಂದಲೇ ಇದೆ, ಪ್ಲಾಸ್ಟಿಕ್ ಚಮಚ, ತಟ್ಟೆ ಎಲ್ಲ 2022ರ ಜುಲೈ 1ರಿಂದ ದೇಶಕ್ಕೇ ನಿಷೇಧ. ತಪಾಸಣೆಗೆ ಬಂದವರಿಗೆ ಸುಲಭಕ್ಕೆ ಸಿಗೋದು ಇದೇ. ನೀವು ಅಡಿಕೆ ಹಾಳೆ ದೊನ್ನೆಯವರು, ಅರ್ಧ ಗೆದ್ದಿರಿ. ಶೇರ್ವಾ ಯಾವುದರಲ್ಲಿ ಕಟ್ತೀರಿ ಅನ್ನೋದನ್ನ ಮಾತ್ರ ಯೋಚನೆ ಮಾಡಿ.

ಗ್ಯಾಸ್ 19 ಕೆ.ಜಿ.ಯ ವಾಣಿಜ್ಯ ಸಿಲಿಂಡರೇ ಇರಲಿ. ಬೋರ್ಡ್‌ನಲ್ಲಿ ಶೇ 60 ಕನ್ನಡ ಇರಬೇಕು, ಕನ್ನಡ ಮೇಲ್ಭಾಗದಲ್ಲಿರಬೇಕು. ಲೈಸೆನ್ಸ್ ವರ್ಷ ಏಪ್ರಿಲ್‌ನಿಂದ ಮಾರ್ಚ್. ಫೆಬ್ರವರಿಯೊಳಗೆ ನವೀಕರಿಸಿದರೆ ದಂಡ ಇಲ್ಲ, ಮಾರ್ಚ್‌ಗೆ ಬಿಟ್ಟರೆ ದಂಡ ಸೇರತ್ತೆ, ಏಪ್ರಿಲ್ ಬಂದರೆ ಅದು ಇನ್ನೂ ಏರತ್ತೆ. ಅರ್ಜಿ ಹಾಕಿದಾಗ ಸಕಾಲ ಸಂಖ್ಯೆ ತಪ್ಪದೇ ತಗೊಳ್ಳಿ. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ಪರಿಹಾರ ಕೇಳಬಹುದು. ಆ 500 ಯಾರಿಗೆ ಬೇಕು ಹೇಳಿ, ಆದರೆ ನಂಬರ್ ಇದ್ದರೆ ಫೈಲ್ ಯಾರ ಮೇಜಿನ ಮೇಲೆ ನಿಂತಿದೆ ಅಂತ ಕೇಳೋಕೆ ಬಾಯಿ ಬರತ್ತೆ.

ರಾತ್ರಿ ವ್ಯಾಪಾರದವನು, ಬಸವೇಶ್ವರನಗರ

ಅಣ್ಣ, ಟೈಮಿನ ವಿಚಾರ ಯಾರೂ ಹೇಳಲಿಲ್ಲ. ಹೋಟೆಲ್, ಅಂಗಡಿ, ಬಾರ್‌ಗಳಿಗೆ ರಾತ್ರಿ 1ರವರೆಗೆ ಅವಕಾಶ ಅಂತ 2024ರಲ್ಲಿ ಸರ್ಕಾರಿ ಆದೇಶ ಬಂತು. ಸರಿ. ಜೊತೆಗೆ "24 ಗಂಟೆ ತೆಗೀಬಹುದು" ಅನ್ನೋ ಸುದ್ದಿನೂ ಓದಿರ್ತೀರಿ. ಅದು ಕಾರ್ಮಿಕ ಇಲಾಖೆಯ 2021ರ ಜನವರಿಯ ಅಧಿಸೂಚನೆಯಿಂದ ಶುರುವಾಗಿದ್ದು, 10 ಅಥವಾ ಅದಕ್ಕಿಂತ ಹೆಚ್ಚು ನೌಕರರಿರೋ ಸಂಸ್ಥೆಗಳಿಗೆ. ಅಣ್ಣ ತಮ್ಮ ಇಬ್ಬರು, ಜೊತೆಗೆ ಒಬ್ಬ ಹುಡುಗ ಇರೋ ಅಂಗಡಿಗೆ ಅದು ಅನ್ವಯ ಆಗಲ್ಲ.

ಆದರೆ ಬೀದಿಯಲ್ಲಿ ನಡೆಯೋದು ಬೇರೆ. ಹನ್ನೊಂದೂವರೆ ಆದ ಮೇಲೆ ಪೊಲೀಸರ ಹೊಯ್ಸಳ ಗಾಡಿ ಬರತ್ತೆ, ನಿಧಾನ ಮಾಡತ್ತೆ, ಒಳಗಿಂದ ಒಂದು ಕೈ "ಮುಚ್ಚು ಮುಚ್ಚು" ಅನ್ನತ್ತೆ. ಆದೇಶದ ಪ್ರತಿ ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಿದ್ದೀನಿ. ಒಬ್ಬರು ಓದ್ತಾರೆ, ಇನ್ನೊಬ್ಬರು "ನನಗೇ ಕಾನೂನು ಹೇಳ್ತೀಯಾ" ಅಂತಾರೆ. ಹಾಗಾಗಿ ಅಂಗಡಿ ತೆಗೆಯೋಕೆ ಮುಂಚೆಯೇ ಠಾಣೆಗೆ ಹೋಗಿ ಒಂದು ಪತ್ರ ಕೊಟ್ಟು ಸ್ವೀಕೃತಿ ತಗೊಂಡೆ: ಇಂಥ ವಿಳಾಸ, ಇಂಥ ಸಮಯ, ಸಿಸಿಟಿವಿ ಇದೆ ಅಂತ. ಯಾವ ಕಾನೂನೂ ಅದನ್ನ ಕೇಳಲ್ಲ. ಆದರೆ ಪತ್ರ ಕೊಟ್ಟ ಮೇಲೆ ಬೀಟ್‌ನವರಿಗೆ ನನ್ನ ಮುಖ ಗೊತ್ತಾಯ್ತು, ಮಾತಿನ ಧಾಟಿ ಬದಲಾಯ್ತು.

ಪೊಲೀಸರು ತಾವಾಗಿ ಬರೋದು ಕಮ್ಮಿ, 112ಕ್ಕೆ ಯಾರೋ ಫೋನ್ ಮಾಡಿದ್ದಕ್ಕೆ ಬರೋದು ಜಾಸ್ತಿ. ಅಡುಗೆ ಸದ್ದಿಗೆ ಯಾರೂ ಫೋನ್ ಮಾಡಲ್ಲ. ಹೊರಗೆ ಕಾಯೋ ಡೆಲಿವರಿ ಹುಡುಗರು ಗಾಡಿ ಆಫ್ ಮಾಡಲ್ಲ, ಸ್ಪೀಕರ್ ಹಾಕಿ ರೀಲ್ಸ್ ನೋಡ್ತಾರೆ, ತಿಂದ ಗಿರಾಕಿ ದೊನ್ನೆನ ಪಕ್ಕದ ಮನೆ ಗೇಟಿಗೆ ಸಿಕ್ಕಿಸಿ ಹೋಗ್ತಾನೆ. ಅದು ನಿಮ್ಮ ಲೆಕ್ಕಕ್ಕೇ ಬರೋದು.

ಇಂದಿರಾನಗರದ ನಿವಾಸಿ

ನಾನು ದೂರು ಕೊಡುವ ಕಡೆಯವಳು, ಆದ್ದರಿಂದ ಈ ಕಡೆಯದ್ದೂ ಕೇಳಿ. ನಮ್ಮ ಮನೆ ಹಿಂದಿನ ಅಡುಗೆಮನೆಯೊಂದರ ಎಕ್ಸಾಸ್ಟ್ ಕೊಳವೆ ಸರಿಯಾಗಿ ನಮ್ಮ ಅತ್ತೆ ಮಲಗುವ ಕೋಣೆಯ ಕಿಟಕಿಗೆ ಮುಖ ಮಾಡಿತ್ತು. ರಾತ್ರಿ ಹನ್ನೆರಡಕ್ಕೆ ಮೆಣಸಿನಕಾಯಿ ಘಾಟು. ಪರದೆ ಬಟ್ಟೆಯನ್ನು ಎಷ್ಟು ಒಗೆದರೂ ಜಿಡ್ಡು ಹೋಗುತ್ತಿರಲಿಲ್ಲ. ಅವರ ಬಳಿ ಹೋಗಿ ಮಾತಾಡಿದೆ, "ಲೈಸೆನ್ಸ್ ಇದೆ ಮೇಡಂ" ಎಂದರು. ಲೈಸೆನ್ಸ್ ಇದ್ದರೆ ಹೊಗೆ ಸಿಹಿಯಾಗುತ್ತದೆಯೇ?

ಕೊಳವೆಯನ್ನು ಮೇಲ್ಛಾವಣಿ ದಾಟಿಸಿ ಎತ್ತರಿಸಿದ ಮೇಲೆ ನನ್ನ ಅರ್ಧ ಜಗಳ ಮುಗಿಯಿತು. ಮಿಕ್ಕರ್ಧ ಸದ್ದಿನದು. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಎಂದು ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಹಳೆಯ ಎಕ್ಸಾಸ್ಟ್ ಮೋಟಾರ್ ಒಂದೇ ಅದನ್ನು ಮೀರಿಸುತ್ತದೆ. ನಾಗರಬಾವಿಯವರೇ, ಮುಂಗಡ ಕೊಡುವ ಮೊದಲು ರಾತ್ರಿ ಹನ್ನೆರಡಕ್ಕೆ ಆ ಮಳಿಗೆಯ ಮುಂದೆ ಒಮ್ಮೆ ನಿಂತು ನೋಡಿ. ಎಷ್ಟು ಕಿಟಕಿ ತೆರೆದಿವೆ ಅಂತ ಎಣಿಸಿ.

ಪಾಲಿಕೆಯ ಆರೋಗ್ಯ ವಿಭಾಗದಿಂದ ನಿವೃತ್ತ

ತಪಾಸಣೆಗೆ ಹೋದವರು ಏನು ನೋಡುತ್ತಾರೆ ಎಂಬುದನ್ನು ಹೇಳುತ್ತೇನೆ. ನೀರಿನ ಮೂಲ, ಕೊಳಚೆ ಎಲ್ಲಿ ಸೇರುತ್ತದೆ, ಹೊಗೆ ಹೊರಹೋಗುವ ದಾರಿ, ಕಸ ಯಾರಿಗೆ ಕೊಡುತ್ತೀರಿ. ಪಾತ್ರೆ ತೊಳೆದ ಜಿಡ್ಡಿನ ನೀರನ್ನು ಮಳೆನೀರು ಚರಂಡಿಗೆ ಬಿಟ್ಟಿದ್ದರೆ ಮೊದಲ ಆಕ್ಷೇಪ ಅಲ್ಲೇ. ಒಲೆ ಫುಟ್‌ಪಾತ್‌ಗೆ ಬಂದಿದ್ದರೆ ಎರಡನೆಯದು. ಜಿಡ್ಡು ಹಿಡಿಯುವ ತೊಟ್ಟಿಯೊಂದನ್ನು ಸಿಂಕ್ ಕೆಳಗೆ ಕೂರಿಸಿ. ದೊಡ್ಡ ಖರ್ಚಲ್ಲ, ಬಹಳ ಮಾತು ಉಳಿಸುತ್ತದೆ.

ನೆರೆಯವರ ತಕರಾರು ಅರ್ಜಿ ಫೈಲಿಗೆ ಸೇರಿದ ಮೇಲೆ ಯಾವ ಅಧಿಕಾರಿಯೂ ಕಣ್ಣು ಮುಚ್ಚಿ ಸಹಿ ಹಾಕುವುದಿಲ್ಲ. ನಾಳೆ ಕೋರ್ಟಿಗೆ ಹೋದರೆ ಉತ್ತರಿಸಬೇಕಾದವನು ಅವನೇ. ನೋಟಿಸ್ ಬಂದರೆ ಗಾಬರಿಯಾಗಿ ಮಧ್ಯವರ್ತಿ ಹಿಡಿಯಬೇಡಿ. ಏನು ಸರಿಪಡಿಸಿದ್ದೀರಿ ಎಂದು ಫೋಟೊ ಸಮೇತ ಲಿಖಿತ ಉತ್ತರ ಕೊಟ್ಟು ಸ್ವೀಕೃತಿ ಪಡೆಯಿರಿ. ಮತ್ತೆ, 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳಾಗಿವೆ. ನಿಮ್ಮ ವಾರ್ಡು ಯಾವುದಕ್ಕೆ ಸೇರಿದೆ ಎಂದು ತಿಳಿದುಕೊಂಡೇ ಅರ್ಜಿ ಹಾಕಿ.

ರಾಜಾಜಿನಗರ

ನಮ್ಮ ಭಾವ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇಂಥದ್ದೇ ಅಂಗಡಿ ಇಟ್ಟಿದ್ದಾರೆ. ಅಲ್ಲಿ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಬಿಸಿ ಊಟ, ಬಿಸಿ ಪಾನೀಯ ಮಾರೋಕೇ ಪ್ರತ್ಯೇಕ ಲೈಸೆನ್ಸ್, 2003ರ ಕಾಯ್ದೆ. ಅರ್ಜಿ ಹಾಕಿದವರು ತಿಳಿ ನೀಲಿ ಹಾಳೆಯಲ್ಲಿ ನೋಟಿಸ್ ಬರೆದು 28 ದಿನ ಅಂಗಡಿ ಮುಂದೆ ಅಂಟಿಸಬೇಕಂತೆ. ಯಾರಾದರೂ ಆಕ್ಷೇಪ ಎತ್ತಿದರೆ ಕೌನ್ಸಿಲ್‌ನ ಮೂವರು ಸದಸ್ಯರು ಕೂತು ಇಬ್ಬರ ಮಾತೂ ಕೇಳ್ತಾರೆ. ಹನ್ನೆರಡಕ್ಕೆ ಮುಚ್ಚು, ಕಸದ ಡಬ್ಬಿ ಇಡು ಅಂತ ಷರತ್ತು ಹಾಕಿ ಕೊಡೋದೂ ಉಂಟು. ಒಪ್ಪಿಗೆ ಇಲ್ಲದಿದ್ದರೆ 21 ದಿನದಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಮೇಲ್ಮನವಿ. ಜಗಳ ಅಂಗಡಿ ತೆಗೆಯೋ ಮುಂಚೆಯೇ ಮುಗಿಯತ್ತೆ. ನಮ್ಮಲ್ಲಿ ತೆಗೆದ ಮೇಲೆ ಶುರು.

ವಿಜಯನಗರದ ಹೋಟೆಲ್‌ನವರು

ಸದಸ್ಯರು ಕೂತು ಕೇಳೋಕೆ ಸದಸ್ಯರು ಇರಬೇಕಲ್ಲ ಸ್ವಾಮಿ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇಲ್ಲದೆ ಊರು ನಡೀತು. ಮುಂಚೆ ಪಕ್ಕದ ಮನೆಯವರಿಗೂ ನಮಗೂ ಜಟಾಪಟಿ ಆದರೆ ಕಾರ್ಪೊರೇಟರ್ ಕರೆಸಿ, ಬೈದು, ಕಾಫಿ ಕುಡಿಸಿ ಕಳಿಸೋರು. ಆ ವ್ಯವಸ್ಥೆ ಚೆನ್ನಾಗಿತ್ತು ಅಂತ ನಾನು ಹೇಳಲ್ಲ, ಆದರೆ ಮಾತಾಡೋಕೆ ಒಂದು ಜಾಗ ಇತ್ತು.

ನಾಗರಬಾವಿಯಿಂದ ಕೇಳಿದವರು

ಎಲ್ಲರಿಗೂ ಧನ್ಯವಾದ. ಟೇಪ್ ಹಿಡಿದು ಅಳೆದೆವು, 30 ಅಡಿ. ಓನರ್ "ಅದೆಲ್ಲ ಯಾರೂ ನೋಡಲ್ಲ" ಅಂದರು, ತೆರಿಗೆ ವಿಚಾರ ತೆಗೆದರೆ ಫೋನ್ ಬಂತು ಅಂತ ಎದ್ದು ಹೋದರು. ಆ ಮಳಿಗೆ ಬಿಟ್ಟೆವು. ಈಗ ರಿಂಗ್ ರೋಡ್ ಕಡೆ ಒಂದು ಸಿಕ್ಕಿದೆ, ಕೆಳಗೆಲ್ಲ ಅಂಗಡಿ, ಮೇಲೆ ಟ್ಯೂಷನ್ ಸೆಂಟರ್, ರಾತ್ರಿ ಯಾರೂ ಇರಲ್ಲ. ಬಾಡಿಗೆ ಜಾಸ್ತಿ. ಹೊಗೆ ಕೊಳವೆ ಮೇಲ್ಛಾವಣಿವರೆಗೆ ಒಯ್ಯೋಕೆ ಈ ಓನರ್ ಒಪ್ಪಿದ್ದಾರೆ. ಲೈಸೆನ್ಸ್ ಬರೋಕೆ ಮುಂಚೆ ಅಡ್ವಾನ್ಸ್ ಕೊಡಲೇಬೇಕು ಅಂತಾರೆ, ಕೊಡಬಹುದಾ?

ಜೆ.ಪಿ. ನಗರ, ಕ್ಲೌಡ್ ಕಿಚನ್ ನಡೆಸುವವರು

ಕೊಡದೇ ದಾರಿ ಇಲ್ಲ, ಬಾಡಿಗೆ ಕರಾರು ಇಲ್ಲದೆ ಅರ್ಜಿನೇ ಹಾಕೋಕಾಗಲ್ಲ. ಆದರೆ ಸಣ್ಣ ಮೊತ್ತ ಟೋಕನ್ ಕೊಟ್ಟು ಕರಾರಿನಲ್ಲಿ ಎರಡು ಸಾಲು ಬರೆಸಿ. ಒಂದು, ಜಾಗದ ಕಾರಣಕ್ಕೆ ಟ್ರೇಡ್ ಲೈಸೆನ್ಸ್ ತಿರಸ್ಕಾರ ಆದರೆ ಪೂರ್ತಿ ಹಣ ವಾಪಸ್. ಎರಡು, ಕೊಳವೆ ಕೂರಿಸೋಕೆ ಒಪ್ಪಿಗೆ ಇದೆ, ಮನೆ ಮಾರಿದರೂ ಹೊಸ ಓನರ್‌ಗೆ ಅದು ಅನ್ವಯ. ಬಾಯಿಮಾತಲ್ಲಿ ಒಪ್ಪಿದ್ದು ಓನರ್ ಮಗ ಅಮೆರಿಕದಿಂದ ಬಂದ ದಿನ ಮರೆತುಹೋಗತ್ತೆ. ಮಿಕ್ಕ ಹಣ ಲೈಸೆನ್ಸ್ ಕೈಗೆ ಬಂದ ಮೇಲೆ ಕೊಡ್ತೀವಿ ಅನ್ನಿ. ಅದಕ್ಕೂ ಒಪ್ಪದಿದ್ದರೆ ರಿಂಗ್ ರೋಡ್ ಉದ್ದ ಇದೆ, ಇನ್ನೊಂದು ಮಳಿಗೆ ನೋಡಿ.