ಬಲೆನೊ: 16 ಇಂಚಿನಿಂದ 15 ಇಂಚಿನ ಹಗುರ ಅಲಾಯ್‌ಗೆ ಇಳಿದರೆ ಲಾಭ ಇದೆಯಾ?

ತುಂಗಾತೀರ (ತೀರ್ಥಹಳ್ಳಿ)

ನಮಸ್ಕಾರ ಎಲ್ಲರಿಗೂ. ನನ್ನದು ಮಾರುತಿ ಬಲೆನೊ, ಮೇಲಿನ ವೇರಿಯಂಟ್ ಆಲ್ಫಾ, ಪೆಟ್ರೋಲ್, ಮ್ಯಾನ್ಯುಯಲ್. ಕಂಪನಿಯಿಂದ ಬಂದಿದ್ದು 16 ಇಂಚಿನ ಅಲಾಯ್ (ಅಲ್ಯುಮಿನಿಯಂ ರಿಮ್ಮು), ಟೈರು 195/55 ಆರ್16. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡೆ ರಸ್ತೆ ಹೇಗಿರುತ್ತೆ ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ನೀರು ತುಂಬಿದ ಗುಂಡಿಗೆ ಮುಂದಿನ ಎಡ ಚಕ್ರ ಇಳಿದು ಟೈರಿನ ಪಕ್ಕದಲ್ಲಿ ಗುಳ್ಳೆ ಎದ್ದಿದೆ. ಉಳಿದ ಮೂರೂ ಸವೆದಿವೆ, ಹೇಗಿದ್ದರೂ ನಾಲ್ಕೂ ಹೊಸದು ಹಾಕಿಸಬೇಕು. ಇದೇ ಸಮಯಕ್ಕೆ ಚಿಕ್ಕ, ಹಗುರವಾದ ಅಲಾಯ್‌ಗೆ ಬದಲಾಯಿಸಿಬಿಡೋಣ ಅಂತ ಯೋಚನೆ.

ಮುಖ್ಯ ಕಾರಣ ಅಮ್ಮ. ಅವರಿಗೆ ಸೊಂಟ ನೋವು ಇದೆ. ಆಗುಂಬೆ ಘಾಟಿ ಇಳಿದು ಹೆಬ್ರಿ ಮೇಲೆ ಮಣಿಪಾಲದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗುತ್ತೆ. ಹಿಂದಿನ ಸೀಟಿನಲ್ಲಿ ಕೂತವರಿಗೆ ಪ್ರತಿ ಗುಂಡಿಯೂ ನೇರ ಬೆನ್ನಿಗೇ ಬಡಿದ ಹಾಗೆ ಆಗುತ್ತೆ. ನೋಡೋಕೆ 16 ಇಂಚು ಚೆನ್ನಾಗಿದೆ ನಿಜ, ಆದರೆ ನನಗೆ ಈಗ ಅಂದ ಬೇಕಾಗಿಲ್ಲ.

ಕೇಳಬೇಕಾಗಿದ್ದು ಇಷ್ಟು. 15 ಇಂಚಿಗೆ ಇಳಿದರೆ ಕುಲುಕಾಟ ನಿಜಕ್ಕೂ ಕಡಿಮೆ ಆಗುತ್ತಾ? ಮೈಲೇಜು, ಪಿಕಪ್ ಜಾಸ್ತಿ ಆಗುತ್ತೆ ಅಂತಾರೆ, ಅದು ಎಷ್ಟು ನಿಜ? ಬ್ರೇಕಿಗೆ ತಾಗುತ್ತಾ? ಇನ್ನೊಂದು ವಿಷಯ, ಅಂಗಡಿಯಲ್ಲಿ ಒಂದು ಸೆಟ್ 15 ಇಂಚಿನ ಅಲಾಯ್ ತೋರಿಸಿ "ತುಂಬಾ ಲೈಟ್ ವೇಟ್ ಸಾರ್" ಅಂದರು. ಕೈಯಲ್ಲಿ ಎತ್ತಿ ನೋಡಿದರೆ ಹಾಗೆ ಅನ್ನಿಸಲಿಲ್ಲ.

ಚಕ್ರ_ಹಾಸನ

ಸರ್, ಮೊದಲು ಆ ಗುಳ್ಳೆ ಬಂದ ಟೈರು ಬಿಚ್ಚಿಸಿ. ಇವತ್ತೇ. ಗುಳ್ಳೆ ಅಂದರೆ ಸೈಡ್‌ವಾಲ್, ಅಂದರೆ ಟೈರಿನ ಪಕ್ಕದ ಗೋಡೆ, ಅದರ ಒಳಗಿನ ದಾರಗಳು ತುಂಡಾಗಿವೆ, ಗಾಳಿಯನ್ನು ಹಿಡಿದಿರೋದು ಬರೀ ರಬ್ಬರು ಅಂತ ಅರ್ಥ. ಪಂಕ್ಚರ್ ಥರ ಇದಕ್ಕೆ ರಿಪೇರಿ ಇಲ್ಲ. ಆ ಟೈರಿನಲ್ಲಿ ಘಾಟಿ ಇಳಿಯೋದು ಬೇಡವೇ ಬೇಡ.

ನಾನು ಟೈರ್ ಅಂಗಡಿ ನಡೆಸುವವನು. ಸಕಲೇಶಪುರದಿಂದ ಶಿರಾಡಿ ಘಾಟಿ ಹತ್ತಿ ಇಳಿಯುವ ಗಾಡಿಗಳು ನಮ್ಮಲ್ಲಿಗೆ ಬರುತ್ತವೆ. ತೆಳ್ಳಗಿನ ಸೈಡ್‌ವಾಲ್ ಇರುವ ಟೈರುಗಳಿಗೇ ಈ ಗುಳ್ಳೆ ಜಾಸ್ತಿ, ಇದನ್ನು ದಿನಾ ನೋಡ್ತೀನಿ.

ನಿಮ್ಮ ಕಾರಿನ ವಿಷಯದಲ್ಲಿ ಒಳ್ಳೆ ಸಂಗತಿ ಏನಂದರೆ, ಬಲೆನೊದ ಕೆಳಗಿನ ವೇರಿಯಂಟ್‌ಗೆ ಕಂಪನಿಯೇ 185/65 ಆರ್15 ಕೊಡುತ್ತೆ. ಲೆಕ್ಕ ನೋಡಿ. 195/55 ಆರ್16 ಅಂದರೆ ಟೈರಿನ ಅಗಲ 195 ಮಿ.ಮೀ., ಅದರಲ್ಲಿ ಶೇ. 55, ಸೈಡ್‌ವಾಲ್ ಎತ್ತರ ಸುಮಾರು 107 ಮಿ.ಮೀ. ಮೇಲೆ ಕೆಳಗೆ ಎರಡೂ ಸೇರಿಸಿ, 16 ಇಂಚಿನ ರಿಮ್ಮಿನ 406 ಮಿ.ಮೀ. ಕೂಡಿಸಿದರೆ ಇಡೀ ಚಕ್ರದ ಅಡ್ಡಳತೆ 621 ಮಿ.ಮೀ. ಹತ್ತಿರ. 185/65 ಆರ್15ರಲ್ಲಿ ಸೈಡ್‌ವಾಲ್ 120 ಮಿ.ಮೀ., ರಿಮ್ 381, ಒಟ್ಟು 621.5. ಅಂದರೆ ಚಕ್ರ ಅಷ್ಟೇ ದೊಡ್ಡದು, ಸ್ಪೀಡೋಮೀಟರ್ ಸುಳ್ಳು ಹೇಳಲ್ಲ, ಗ್ರೌಂಡ್ ಕ್ಲಿಯರೆನ್ಸ್ ಕಡಿಮೆ ಆಗಲ್ಲ, ಆದರೆ ಗುಂಡಿಗೂ ರಿಮ್ಮಿಗೂ ನಡುವೆ 13 ಮಿ.ಮೀ. ಜಾಸ್ತಿ ರಬ್ಬರು, ಗಾಳಿ ಬಂತು. ಅಮ್ಮನ ಬೆನ್ನಿಗೆ ಉಪಯೋಗ ಆಗೋದು ಈ 13 ಮಿ.ಮೀ.

ಕಡಿಮೆ ಬೆಲೆಗೆ ಸಿಗುತ್ತೆ ಅಂತ 185/60 ಆರ್15 ಮಾತ್ರ ಹಾಕಿಸಬೇಡಿ. ಅದರ ಒಟ್ಟು ಅಳತೆ 603 ಮಿ.ಮೀ., ಶೇ. 3ರಷ್ಟು ಚಿಕ್ಕದು. ಕಾರು 9 ಮಿ.ಮೀ. ಕೆಳಗಿಳಿಯುತ್ತೆ, ಸೈಡ್‌ವಾಲ್ 111 ಮಿ.ಮೀ. ಅಷ್ಟೇ ಆಗುತ್ತೆ. ಅಷ್ಟಕ್ಕೆ ಯಾಕೆ ಬದಲಾಯಿಸಬೇಕು?

ಭಾರ ಹೊರುವ ವಿಷಯವೂ ನೋಡಬೇಕು. ಈಗಿನ ಟೈರಿನ ಮೇಲೆ 87 ಅಂತ ಇರುತ್ತೆ, ಅಂದರೆ ಒಂದು ಟೈರು 545 ಕೆಜಿ ಹೊರುತ್ತೆ. 185/65 ಆರ್15 ಸಾಮಾನ್ಯವಾಗಿ 88, ಅಂದರೆ 560 ಕೆಜಿ. ಅದರಲ್ಲಿ ಭಯ ಇಲ್ಲ.

ರಿಮ್ಮು_ರೇಡಿಯಸ್ (ಪುಣೆ)

ತೂಕದ ಬಗ್ಗೆ ನಾನು ಹೇಳ್ತೀನಿ, ನಾನು ಅಲ್ಯುಮಿನಿಯಂ ಎರಕದ ಕೆಲಸದಲ್ಲೇ ಇರೋದು. ಊರು ಧಾರವಾಡ.

ಅಲಾಯ್ ಅಂದ ತಕ್ಷಣ ಹಗುರ ಅಂದುಕೊಳ್ಳಬೇಡಿ. ಕಬ್ಬಿಣದ ರಿಮ್ಮಿಗಿಂತ ಭಾರವಾದ ಅಲಾಯ್‌ಗಳು ಮಾರ್ಕೆಟ್‌ನಲ್ಲಿ ಬೇಕಾದಷ್ಟಿವೆ. ಅಲ್ಯುಮಿನಿಯಂ ಹಗುರ ನಿಜ, ಆದರೆ ಸಾಧಾರಣ ಎರಕದಲ್ಲಿ ಗಟ್ಟಿತನ ಬರಬೇಕು ಅಂದರೆ ದಪ್ಪ ಇಡಬೇಕು, ದಪ್ಪ ಇಟ್ಟರೆ ತೂಕ ಏರುತ್ತೆ. ಫ್ಲೋ ಫಾರ್ಮಿಂಗ್ ಅನ್ನೋ ವಿಧಾನದಲ್ಲಿ ಎರಕ ಹೊಯ್ದ ಮೇಲೆ ರಿಮ್ಮನ್ನು ಬಿಸಿ ಮಾಡಿ, ತಿರುಗಿಸ್ತಾ, ರೋಲರ್‌ನಿಂದ ಒತ್ತಿ ಸುತ್ತಿನ ಭಾಗವನ್ನು ತೆಳ್ಳಗೆ ಎಳೀತಾರೆ. ಲೋಹ ಬಿಗಿಯಾಗುತ್ತೆ, ತೂಕವೂ ಇಳಿಯುತ್ತೆ. ಫೋರ್ಜ್ ಮಾಡಿದ್ದು (ಎರಕ ಹೊಯ್ಯದೆ, ಲೋಹವನ್ನು ಭಾರಿ ಒತ್ತಡದಲ್ಲಿ ಒತ್ತಿ ಮಾಡಿದ್ದು) ಇನ್ನೂ ಹಗುರ, ಆದರೆ ಅದರ ಬೆಲೆ ನಮ್ಮ ಬಜೆಟ್ಟಿಗೆ ಬರಲ್ಲ, ದಿನ ಓಡಿಸುವ ಹ್ಯಾಚ್‌ಬ್ಯಾಕ್‌ಗೆ ಬೇಕಾಗಿಯೂ ಇಲ್ಲ. ಅಂಗಡಿಯವರ ಬಾಯಿ ಮಾತು ಬಿಡಿ, ತಕ್ಕಡಿ ಮೇಲೆ ಇಟ್ಟು ನೋಡಿ. ತೀರ್ಥಹಳ್ಳಿಯಲ್ಲಿ ಅಡಿಕೆ ತೂಗುವ ಯಂತ್ರ ಸಿಗದೇ ಇರುತ್ತಾ!

ಪಿಕಪ್ ಬಗ್ಗೆ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಒಂದು ಚಕ್ರಕ್ಕೆ 2 ಕೆಜಿ ಉಳಿಯಿತು ಅಂದುಕೊಳ್ಳೋಣ, ನಾಲ್ಕಕ್ಕೆ 8 ಕೆಜಿ. ಚಕ್ರದ ಅಂಚಿನ ತೂಕ ಮುಂದಕ್ಕೂ ಹೋಗಬೇಕು, ಸುತ್ತಲೂ ಬೇಕು, ಹಾಗಾಗಿ ಕಾರು ವೇಗ ಏರಿಸುವಾಗ ಅದು ಹೆಚ್ಚೆಂದರೆ ಎರಡರಷ್ಟು ಲೆಕ್ಕಕ್ಕೆ ಬರುತ್ತೆ. ಅಂದರೆ ಡಿಕ್ಕಿಯಿಂದ 16 ಕೆಜಿ ಸಾಮಾನು ಇಳಿಸಿದಷ್ಟು. 900 ಕೆಜಿ ಮೇಲಿರುವ ಕಾರಿನಲ್ಲಿ ಅದು ಗೊತ್ತಾಗೋದು ಕಷ್ಟ. ಇನ್ನೊಂದು, ಚಕ್ರದಲ್ಲಿ ಎಲ್ಲಕ್ಕಿಂತ ಹೊರಗೆ ಇರೋದು ಟೈರು, ಅದರ ಒಟ್ಟು ಅಳತೆ ಬದಲಾಗ್ತಾ ಇಲ್ಲ. ಆದ್ದರಿಂದ ಟೈರು ಯಾವುದು ಹಗುರ, ಯಾವುದು ಸುಲಭವಾಗಿ ಉರುಳುತ್ತೆ ಅನ್ನೋದು ಮೈಲೇಜಿಗೆ ರಿಮ್ಮಿಗಿಂತ ಮುಖ್ಯ.

ಹಗುರ ಚಕ್ರದಿಂದ ನಿಜವಾಗಿ ಲಾಭ ಸಿಗೋದು ಸಸ್ಪೆನ್ಷನ್‌ಗೆ. ಸ್ಪ್ರಿಂಗಿನ ಕೆಳಗಿರುವ ಚಕ್ರ, ಟೈರು, ಬ್ರೇಕು, ರಿಮ್ಮು ಕೂರುವ ಹಬ್ಬು ಇವೆಲ್ಲ ರಸ್ತೆ ಏರಿಳಿದ ಹಾಗೆಲ್ಲ ಏರಿಳಿಯಬೇಕು. ಇವು ಭಾರ ಇದ್ದರೆ ಒಮ್ಮೆ ಮೇಲೆ ಹಾರಿದ ಚಕ್ರವನ್ನು ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ವಾಪಸ್ ರಸ್ತೆಗೆ ಒತ್ತೋಕೆ ಹೊತ್ತಾಗುತ್ತೆ, ಆ ಏಟು ಬಾಡಿಗೆ ಬರುತ್ತೆ. ಒಂದು ಮೂಲೆಯಲ್ಲಿ ಹೀಗೆ 30 ಕೆಜಿ ಇದೆ ಅಂತ ಇಟ್ಟುಕೊಂಡರೆ 2 ಕೆಜಿ ಅಂದರೆ ಶೇ. 6ಕ್ಕಿಂತ ಜಾಸ್ತಿ. ಕಿತ್ತುಹೋದ ಡಾಂಬರಿನ ಮೇಲೆ ಸಣ್ಣ ಸಣ್ಣ ನಡುಕ ಬರುತ್ತಲ್ಲ, ಅದು ಕಡಿಮೆ ಆಗುತ್ತೆ. ದೊಡ್ಡ ಗುಂಡಿಯ ಹೊಡೆತಕ್ಕೆ ಹಾಸನದವರು ಹೇಳಿದ ಸೈಡ್‌ವಾಲೇ ಗತಿ.

ಗುಡುಗು_ಹುಬ್ಬಳ್ಳಿ

ನನಗೆ ಈ ಇಳಿಸೋ ಕೆಲಸ ಅಷ್ಟು ಒಪ್ಪಿಗೆ ಇಲ್ಲರೀ. ಹೈವೇ ಮೇಲೆ ಓಡಿಸಿ ನೋಡಿ, ಎತ್ತರದ ಸೈಡ್‌ವಾಲ್ ಟೈರು ತಿರುವಿನಲ್ಲಿ ಬಾಗುತ್ತೆ, ಸ್ಟೇರಿಂಗ್ ತಿರುಗಿಸಿದ ಮೇಲೆ ಕಾರು ಒಂದು ಕ್ಷಣ ತಡೆದು ತಿರುಗಿದ ಹಾಗೆ ಅನ್ನಿಸುತ್ತೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು ಇವೆ, ಅಲ್ಲಿ ಹಿಡಿತ ಬೇಕಲ್ವಾ? ಇರೋ 16 ಇಂಚಿನ ರಿಮ್ಮಿಗೇ 205/55 ಆರ್16 ಹಾಕಿಸಿ. ರಿಮ್ಮಿನ ದುಡ್ಡು ಉಳಿಯುತ್ತೆ, ಅಗಲವೂ ಜಾಸ್ತಿ, ರಬ್ಬರೂ ಜಾಸ್ತಿ.

ಚಕ್ರ_ಹಾಸನ

ಗುಡುಗು ಅಣ್ಣಾ, ಸ್ಟೇರಿಂಗ್ ಸ್ವಲ್ಪ ಮೆತ್ತಗಾಗುತ್ತೆ ಅನ್ನೋದು ನಿಜ, ಒಪ್ತೀನಿ. ಆದರೆ 205/55 ಆರ್16ರ ಸೈಡ್‌ವಾಲ್ 113 ಮಿ.ಮೀ. ಸಿಕ್ಕಿದ್ದು ಆರೇ ಮಿ.ಮೀ. ಟೈರು ಭಾರ, ಒಟ್ಟು ಅಳತೆ 632 ಮಿ.ಮೀ., ಅಂದರೆ ಗೇರು ಒಂಚೂರು ಉದ್ದ ಆದ ಹಾಗೆ, ಘಾಟಿ ಹತ್ತುವಾಗ ಎಂಜಿನ್‌ಗೆ ಅಷ್ಟು ಜಾಸ್ತಿ ಶ್ರಮ. ಇವರು ಕೇಳ್ತಾ ಇರೋದು ಹಿಂದೆ ಕೂತವರಿಗೆ ಆರಾಮ. ಹೇರ್‌ಪಿನ್‌ನಲ್ಲಿ ಯಾರೂ 20–25ರ ಮೇಲೆ ಹೋಗಲ್ಲ, ಅಲ್ಲಿ ಸೈಡ್‌ವಾಲ್ ಬಾಗೋದು ಲೆಕ್ಕಕ್ಕೇ ಇಲ್ಲ. ಮಳೆಯಲ್ಲಿ ಹಿಡಿತ ಬೇಕು ಅಂದರೆ 10 ಮಿ.ಮೀ. ಅಗಲಕ್ಕಿಂತ ರಬ್ಬರಿನ ಗುಣ, ಟೈರಿನ ಗೆರೆ ಎಷ್ಟು ಆಳ ಉಳಿದಿದೆ ಅನ್ನೋದು ದೊಡ್ಡದು. ಸವೆದ 205ಕ್ಕಿಂತ ಹೊಸ 185 ಎಷ್ಟೋ ವಾಸಿ.

ತುಂಗಾತೀರ (ತೀರ್ಥಹಳ್ಳಿ)

ಎಲ್ಲರಿಗೂ ಧನ್ಯವಾದ. ಗುಳ್ಳೆ ಬಂದ ಟೈರು ಬಿಚ್ಚಿಸಿ ಸ್ಟೆಪ್ನಿ ಹಾಕಿಸಿದ್ದೇನೆ. ಹಾಗೇ ಪುಣೆಯವರು ಹೇಳಿದ ಹಾಗೆ ಪಕ್ಕದ ಮನೆಯ ಅಡಿಕೆ ತೂಕದ ಯಂತ್ರದ ಮೇಲೆ ಇಟ್ಟು ನೋಡಿದೆ. ಕಂಪನಿ ರಿಮ್ಮು ಟೈರು ಬಿಚ್ಚಿದ ಮೇಲೆ ಎಂಟೂವರೆ ಕೆಜಿ ಆಸುಪಾಸು. ಅಂಗಡಿಯವರ "ಲೈಟ್ ವೇಟ್" 15 ಇಂಚು ಒಂದನ್ನು ಕೇಳಿ ತಂದು ತೂಗಿದರೆ ಅದೂ ಹೆಚ್ಚುಕಮ್ಮಿ ಅಷ್ಟೇ! ಅದನ್ನು ಕೈಬಿಟ್ಟೆ.

ಪರಿಚಯದವರೊಬ್ಬರ ಹತ್ತಿರ ಸ್ವಿಫ್ಟ್ ಮೇಲಿನ ವೇರಿಯಂಟ್‌ನ 15 ಇಂಚಿನ ಕಂಪನಿ ಅಲಾಯ್ ನಾಲ್ಕು ಇವೆ, ಅವರು ದೊಡ್ಡದು ಹಾಕಿಸಿಕೊಂಡಿದ್ದಾರೆ. ಅದು ಒಂದಕ್ಕೆ ಆರೂವರೆ ಕೆಜಿ ಬಂತು. ಕೂರುತ್ತಾ? ಇನ್ಶೂರೆನ್ಸ್, ಆರ್‌ಟಿಒ ತೊಂದರೆ ಏನಾದರೂ ಇದೆಯಾ?

ರಿಮ್ಮು_ರೇಡಿಯಸ್ (ಪುಣೆ)

ಕೂರುತ್ತೆ. ಎರಡಕ್ಕೂ ನಾಲ್ಕು ಬೋಲ್ಟು, ಬೋಲ್ಟುಗಳು ಕೂರುವ ವೃತ್ತದ ಅಡ್ಡಳತೆ 100 ಮಿ.ಮೀ., ನಡುವಿನ ತೂತು 54.1 ಮಿ.ಮೀ. ಕಂಪನಿ ರಿಮ್ ಆದ್ದರಿಂದ ಹಬ್ಬಿನ ಮೇಲೆ ಬಿಗಿಯಾಗಿ ಕೂರುತ್ತೆ. ಹೊರಗಿನ ಅಲಾಯ್‌ಗಳಲ್ಲಿ ಎಲ್ಲ ಕಾರಿಗೂ ಆಗಲಿ ಅಂತ ನಡುವಿನ ತೂತು ದೊಡ್ಡದಾಗಿ ಬಿಟ್ಟಿರ್ತಾರೆ, ಅದಕ್ಕೆ ಸಂದು ತುಂಬುವ ಹಬ್ ರಿಂಗ್ ಹಾಕಲೇಬೇಕು. ಹಾಕದೇ ಬಿಟ್ಟರೆ 80 ದಾಟಿದ ಮೇಲೆ ಸ್ಟೇರಿಂಗ್ ನಡುಗೋಕೆ ಶುರು, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲ್ಲ.

ಆದರೂ ಮುಂದಿನ ಚಕ್ರದ ಜಾಗದಲ್ಲಿ ಟೈರು ಇಲ್ಲದೆ ಬರೀ ರಿಮ್ ಒಂದನ್ನು ಕೂರಿಸಿ, ನಟ್ ಬಿಗಿದು, ಕೈಯಲ್ಲಿ ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ. ಬ್ರೇಕ್ ಕ್ಯಾಲಿಪರ್‌ಗೂ ರಿಮ್ಮಿನ ಒಳಗೋಡೆಗೂ, ಕಡ್ಡಿಗಳ ಹಿಂಭಾಗಕ್ಕೂ ಕನಿಷ್ಠ 3 ಮಿ.ಮೀ. ಜಾಗ ಇರಬೇಕು. ನಿಮ್ಮ ಸ್ಟೆಪ್ನಿ 15 ಇಂಚೇ ಆಗಿದ್ದು ಮುಂದೆ ಕೂತಿದೆ ಅಂದರೆ ಅದು ಒಳ್ಳೆ ಸೂಚನೆ, ಆದರೆ ಕಬ್ಬಿಣದ ರಿಮ್ಮಿನ ಒಳ ಆಕಾರ ಬೇರೆ, ಅದನ್ನೇ ನಂಬಿ ಬಿಡಬೇಡಿ. ರಿಮ್ಮಿನ ಹಿಂದೆ ಇಟಿ ಅಂತ ಒಂದು ನಂಬರ್ ಅಚ್ಚು ಹಾಕಿರ್ತಾರೆ, ಅದು ಆಫ್‌ಸೆಟ್, ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಹಬ್ಬಿಗೆ ಕೂರುವ ಜಾಗ ಎಷ್ಟು ಮಿ.ಮೀ. ದೂರ ಅನ್ನೋದು. ಹಳೆಯದಕ್ಕೂ ಇದಕ್ಕೂ ಐದಾರು ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇರಬಾರದು. ಇದ್ದರೆ ಚಕ್ರ ಹೊರಗೆ ಚಾಚಿ ಬೇರಿಂಗಿಗೆ ಹೊರೆ, ಇಲ್ಲಾ ಒಳಗೆ ಹೋಗಿ ಉಜ್ಜುತ್ತೆ.

ಹಳೆ ರಿಮ್ ತಗೊಳ್ಳುವಾಗ ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಿರುಗಿಸಿ ಸೊಟ್ಟ ಇದೆಯಾ ನೋಡಿ, ಒಳಗಿನ ಅಂಚಿನಲ್ಲಿ ಕೂದಲಿನಷ್ಟು ಬಿರುಕು ಇದ್ದರೂ ಬೇಡ. ಬೆಸುಗೆ ಹಾಕಿದ್ದು, ಬಿಸಿ ಮಾಡಿ ಬಡಿದು ನೇರ ಮಾಡಿದ್ದು ಕಂಡರೆ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಅಮ್ಮನನ್ನು ಕೂರಿಸಿಕೊಂಡು ಘಾಟಿ ಇಳಿಯುವವರು ನೀವು.

ಕಡತ_ಬೆಂಗಳೂರು

ಕಾನೂನಿನ ವಿಷಯ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಕಂಪನಿ ಹೇಳಿದ ಮೂಲ ವಿವರಗಳಿಗೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿದೆ. ನಿಮ್ಮ ವಿಷಯದಲ್ಲಿ ಕಂಪನಿಯೇ ಇದೇ ಮಾಡೆಲ್‌ಗೆ ಕೊಟ್ಟ ಟೈರ್ ಸೈಜ್ ಹಾಕ್ತಾ ಇದ್ದೀರಿ, ರಿಮ್ಮೂ ಅದೇ ಕಂಪನಿಯದು, ಚಕ್ರ ಬಾಡಿಯಿಂದ ಹೊರಗೂ ಬರಲ್ಲ. ದೊಡ್ಡ ಚಕ್ರ ಹಾಕಿ ಹೊರಗೆ ಚಾಚಿಸಿಕೊಂಡವರ ಹಾಗೆ ನೀವು ಸಿಕ್ಕಿಬೀಳುವ ಪ್ರಶ್ನೆ ಬರಬಾರದು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಟೈರ್ ಸೈಜು, ಗಾಳಿ ಒತ್ತಡದ ಸ್ಟಿಕ್ಕರ್ ಇರುತ್ತೆ. ಅಲ್ಲಿ ಅಥವಾ ಕಾರಿನ ಮ್ಯಾನ್ಯುಯಲ್‌ನಲ್ಲಿ 185/65 ಆರ್15 ಇರೋ ಪುಟದ ಫೋಟೋ ಮೊಬೈಲಲ್ಲಿ ಇಟ್ಟುಕೊಳ್ಳಿ.

ಇನ್ಶೂರೆನ್ಸ್ ಕಂಪನಿಗೆ ಮಾತ್ರ ಒಂದು ಮೇಲ್ ಹಾಕಿ ತಿಳಿಸಿ, ಅವರ ಉತ್ತರ ಜೋಪಾನ ಮಾಡಿ. ಹೊರಗೆ ಕೊಂಡ ಅಲಾಯ್‌ನ ಬೆಲೆ ಪಾಲಿಸಿಯಲ್ಲಿ ಸೇರಿಸದಿದ್ದರೆ ನಾಳೆ ಅದು ಕಳುವಾದರೆ ಅಥವಾ ಮುರಿದರೆ ದುಡ್ಡು ಬರಲ್ಲ.

ಚಕ್ರ_ಹಾಸನ

ಕೊನೆಗೆ ಫಿಟ್ಟಿಂಗ್ ಬಗ್ಗೆ ಎರಡು ಮಾತು. ನಟ್ ನಿಮ್ಮ ಕಾರಿನದ್ದೇ ಬಳಸಿ. ಸುಜುಕಿಯ ನಟ್ಟಿನ ಥ್ರೆಡ್ (ತಿರುಪಿನ ಗೆರೆ) 1.25 ಮಿ.ಮೀ. ಅಂತರದ್ದು, ಹ್ಯುಂಡೈದು 1.5. ನೋಡೋಕೆ ಒಂದೇ ಥರ, ಆದರೆ ತಪ್ಪು ನಟ್ಟನ್ನು ಗನ್ನಿನಲ್ಲಿ ಬಿಗಿದರೆ ಹಬ್ಬಿನ ಬೋಲ್ಟಿನ ಥ್ರೆಡ್ಡೇ ಹೋಗುತ್ತೆ. ಮೊದಲು ಕೈಯಲ್ಲಿ ತಿರುಗಿಸಿ, ಆಮೇಲೆ ಎದುರುಬದುರು ನಟ್‌ಗಳನ್ನು ಬಿಗಿಸಿ, ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಸ್ಪ್ಯಾನರ್). 50–100 ಕಿ.ಮೀ. ಓಡಿಸಿದ ಮೇಲೆ ಮತ್ತೆ ಒಂದು ಸಲ ಚೆಕ್ ಮಾಡಿಸಿ. ಆರಾಮ ಬೇಕು ಅಂತ ಗಾಳಿ ಕಡಿಮೆ ಹಾಕಬೇಡಿ, ಸ್ಟಿಕ್ಕರಿನಲ್ಲಿ ಎಷ್ಟಿದೆಯೋ ಅಷ್ಟೇ ಹಾಕಿ, ಕಡಿಮೆ ಗಾಳಿಯಲ್ಲೂ ಗುಂಡಿಗೆ ರಿಮ್ ತಾಗಿ ಇದೇ ಗುಳ್ಳೆ ಬರುತ್ತೆ.

ಅಂದ ಹಾಗೆ, ಆ ಹಳೆ 16 ಇಂಚಿನ ನಾಲ್ಕು ರಿಮ್ ಮಾರಬೇಡಿ. ಒರೆಸಿ ಅಟ್ಟದ ಮೇಲೆ ಇಡಿ, ಮುಂದೆ ಕಾರು ಕೊಡುವಾಗ ಆಲ್ಫಾ ಕೊಳ್ಳುವವರು ಮೊದಲು ಕೇಳೋದು ಅದನ್ನೇ.