ಬಾಲ್ ಮಿಲ್‌ನಲ್ಲಿ ಅರೆದ ಕಬ್ಬಿಣ–ಕ್ರೋಮಿಯಂ ಪುಡಿ ನಿಜಕ್ಕೂ ಮಿಶ್ರಲೋಹವಾಗಿದೆಯೇ?

ಪ್ರಶ್ನೆ

ಪರಮಾಣು ಲೆಕ್ಕದಲ್ಲಿ 80 ಪಾಲು ಕಬ್ಬಿಣ, 20 ಪಾಲು ಕ್ರೋಮಿಯಂ ಇರುವ ಪುಡಿಯನ್ನು ಆರ್ಗಾನ್ ತುಂಬಿದ ಉಕ್ಕಿನ ಪಾತ್ರೆಯಲ್ಲಿ, ಪುಡಿಯ ಹತ್ತರಷ್ಟು ತೂಕದ ಉಕ್ಕಿನ ಗುಂಡುಗಳೊಂದಿಗೆ 40 ಗಂಟೆ ಅರೆದಿದ್ದೇನೆ. ಎಕ್ಸ್‌ಕಿರಣ ವಿವರ್ತನೆಯಲ್ಲಿ ಈಗ ಒಂದೇ ಒಂದು ಬಿಸಿಸಿ (ಘನದ ಮೂಲೆಗಳಲ್ಲೂ ನಟ್ಟನಡುವೆಯೂ ಪರಮಾಣು ಇರುವ) ರಚನೆಯ ಶಿಖರಗಳು ಕಾಣುತ್ತಿದ್ದು, ಶಿಖರದ ಅಗಲದಿಂದ ಗಾತ್ರವನ್ನು ಲೆಕ್ಕಹಾಕುವ ಶೆರರ್ ಸೂತ್ರದ ಪ್ರಕಾರ ಹರಳುಕಣದ ಗಾತ್ರ ಸುಮಾರು 12 ನ್ಯಾನೊಮೀಟರ್ ಬರುತ್ತದೆ. ಆದರೆ ಸ್ಯಾಚುರೇಷನ್ ಕಾಂತೀಕರಣ (ಪುಡಿ ತಲುಪಬಲ್ಲ ಗರಿಷ್ಠ ಕಾಂತೀಕರಣ) ಗ್ರಾಮಿಗೆ 175 ಇಎಂಯು (ಕಾಂತ ಮೊಮೆಂಟ್‌ನ ಏಕಮಾನ) ಆಸುಪಾಸಿನಲ್ಲೇ ನಿಂತಿದೆ. ಅರೆಯುವ ಮೊದಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಕೋಯರ್ಸಿವಿಟಿ (ಕಾಂತೀಕರಣವನ್ನು ಸೊನ್ನೆಗಿಳಿಸಲು ಬೇಕಾದ ವಿರುದ್ಧ ಕ್ಷೇತ್ರ) ಮಾತ್ರ ಮೂರು ಪಟ್ಟಾಗಿದೆ. ಕ್ರೋಮಿಯಂ ಕಬ್ಬಿಣದೊಳಗೆ ಕರಗಿದೆ ಎಂದು ಇದರಿಂದ ಹೇಳಬಹುದೇ?

ಮೊದಲ ಉತ್ತರ

ನೀವು ಕೊಟ್ಟಿರುವ ಎರಡು ಸಾಕ್ಷ್ಯಗಳಲ್ಲಿ ಒಂದರಿಂದಲೂ ಅದನ್ನು ಹೇಳಲಾಗದು. ಕಬ್ಬಿಣ, ಕ್ರೋಮಿಯಂ ಎರಡೂ ಬಿಸಿಸಿ ಲೋಹಗಳೇ. ಜಾಲಕದ ಅಳತೆ (ಆ ಘನದ ಒಂದು ಬದಿಯ ಉದ್ದ) ಕಬ್ಬಿಣದಲ್ಲಿ 0.2866 ನ್ಯಾನೊಮೀಟರ್, ಕ್ರೋಮಿಯಂನಲ್ಲಿ 0.2885. ತಾಮ್ರದ ಎಕ್ಸ್‌ಕಿರಣ ಬಳಸಿದರೆ ಇವುಗಳ ಮೊದಲ ಶಿಖರಗಳ ನಡುವೆ 0.3 ಡಿಗ್ರಿಯಷ್ಟೇ ಅಂತರವಿರುತ್ತದೆ. 12 ನ್ಯಾನೊಮೀಟರ್ ಹರಳುಕಣದ ಶಿಖರವಾದರೋ ಗಾತ್ರದ ಕಾರಣದಿಂದಲೇ ಸುಮಾರು 0.7 ಡಿಗ್ರಿ ಅಗಲವಾಗಿರುತ್ತದೆ. ಎಂದರೆ ಎರಡು ಲೋಹಗಳು ಬೇರೆಬೇರೆಯಾಗಿಯೇ ಉಳಿದಿದ್ದರೂ, ಪುಡಿ ಸಣ್ಣದಾಗುತ್ತಿದ್ದಂತೆ ಎರಡು ಶಿಖರಗಳು ಒಂದರ ಮೇಲೊಂದು ಕುಳಿತು ಒಂದೇ ಆಗಿ ಕಾಣುತ್ತವೆ. ದೊಡ್ಡ ಕೋನಗಳಲ್ಲಿ ಅಂತರ ಹಿಗ್ಗುತ್ತದೆ ನಿಜ, ಆದರೆ ಆಂತರಿಕ ಒತ್ತಡದಿಂದ ಬರುವ ಅಗಲವೂ ಅಲ್ಲಿ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ.

ಕಾಂತೀಕರಣವೂ ಈ ಸಂಯೋಜನೆಯಲ್ಲಿ ನೆರವಾಗದು. ಶುದ್ಧ ಕಬ್ಬಿಣದ ಬೆಲೆ ಕೊಠಡಿಯ ತಾಪಮಾನದಲ್ಲಿ ಗ್ರಾಮಿಗೆ ಸುಮಾರು 218 ಇಎಂಯು. ನಿಮ್ಮ ಪುಡಿಯಲ್ಲಿ ತೂಕದ ಲೆಕ್ಕಕ್ಕೆ ಕಬ್ಬಿಣ 81 ಶೇಕಡಾ ಇರುವುದರಿಂದ, ಏನೇನೂ ಬೆರೆಯದ ಪುಡಿಗೂ 177 ಬರಲೇಬೇಕು. ಕಬ್ಬಿಣಕ್ಕೆ ಕ್ರೋಮಿಯಂ ಕರಗಿದಾಗ ಪರಮಾಣುವಿನ ಸರಾಸರಿ ಕಾಂತ ಮೊಮೆಂಟ್ ಇಳಿಯುವ ದರವೂ ಬರಿಯ ಬೆರಕೆಯಿಂದ ಇಳಿಯುವ ದರಕ್ಕೆ ಬಹಳ ಹತ್ತಿರವಿದೆ. ಹೀಗಾಗಿ ಕರಗಿದ್ದರೂ ಕರಗದಿದ್ದರೂ ನಿಮಗೆ ಹೆಚ್ಚುಕಡಿಮೆ ಒಂದೇ ಅಂಕಿ ಸಿಗುತ್ತದೆ. ಇದನ್ನು ಗಮನಿಸದೆ ತೀರ್ಮಾನಕ್ಕೆ ಬರುವುದು ಈ ವ್ಯವಸ್ಥೆಯಲ್ಲಿ ಬಹಳ ಸುಲಭ.

ಸಾಧ್ಯವಿದ್ದರೆ ಇದೇ ವಿಧಾನದಲ್ಲಿ 20 ಪಾಲು ಕಬ್ಬಿಣ, 80 ಪಾಲು ಕ್ರೋಮಿಯಂನ ಪುಡಿಯೊಂದನ್ನು ಅರೆದು ನೋಡಿ. ಬೆರೆಯದಿದ್ದರೆ ಅದು 46 ಇಎಂಯು ತೋರಿಸುತ್ತದೆ. ಪೂರ್ತಿ ಬೆರೆತರೆ ಕೊಠಡಿಯ ತಾಪಮಾನದಲ್ಲಿ ಅದು ಫೆರೊಕಾಂತೀಯವಾಗಿಯೇ ಉಳಿಯುವುದಿಲ್ಲ. ಅಲ್ಲಿ ಅನುಮಾನಕ್ಕೆ ಎಡೆಯಿರದು. ಗುಂಡು, ಪಾತ್ರೆಗಳು ಸವೆದು ಸೇರುವ ಕಬ್ಬಿಣವನ್ನು ಮಾತ್ರ ರಾಸಾಯನಿಕ ವಿಶ್ಲೇಷಣೆಯಿಂದ ಅಳೆದು ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯ ಉತ್ತರ

ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಈಗಿರುವ ಪುಡಿಗೇ ಉತ್ತರ ಬೇಕಿದ್ದರೆ ಮಾಸ್‌ಬೌವರ್ ರೋಹಿತವನ್ನು (ಕಬ್ಬಿಣದ ನ್ಯೂಕ್ಲಿಯಸ್‌ಗಳು ಗಾಮಾ ಕಿರಣ ಹೀರುವುದನ್ನು ಅಳೆಯುವ ರೋಹಿತ) ಪಡೆಯಿರಿ. ಈ ವಿಧಾನ ಪ್ರತಿಯೊಂದು ಕಬ್ಬಿಣದ ಪರಮಾಣುವನ್ನೂ ಅದರ ನೆರೆಹೊರೆಯವರು ಯಾರೆಂದು ಕೇಳಿದಂತೆ. ಶುದ್ಧ ಕಬ್ಬಿಣದಲ್ಲಿ ನ್ಯೂಕ್ಲಿಯಸ್ ಕಾಣುವ ಕಾಂತಕ್ಷೇತ್ರ 33 ಟೆಸ್ಲಾ. ಅತಿ ಹತ್ತಿರದ ಎಂಟು ಸ್ಥಾನಗಳಲ್ಲಿ ಒಂದಕ್ಕೆ ಕ್ರೋಮಿಯಂ ಬಂದರೆ ಅದು ಸುಮಾರು 3 ಟೆಸ್ಲಾ, ಅದರಾಚೆಯ ಆರು ಸ್ಥಾನಗಳಲ್ಲಿ ಒಂದಕ್ಕೆ ಬಂದರೆ ಸುಮಾರು 2 ಟೆಸ್ಲಾ ಇಳಿಯುತ್ತದೆ. ಪರಮಾಣುಗಳು ಯಾದೃಚ್ಛಿಕವಾಗಿ ಹಂಚಿಕೆಯಾಗಿದ್ದರೆ, 20 ಶೇಕಡಾ ಕ್ರೋಮಿಯಂನಲ್ಲಿ ಈ ಹದಿನಾಲ್ಕೂ ಸ್ಥಾನಗಳಲ್ಲಿ ಕಬ್ಬಿಣವನ್ನೇ ಪಡೆದ ಪರಮಾಣುಗಳ ಪಾಲು 0.8ರ ಹದಿನಾಲ್ಕನೆಯ ಘಾತ, ಅಂದರೆ 4 ಶೇಕಡಾ ಮಾತ್ರ. ನಿಮ್ಮ ರೋಹಿತದಲ್ಲಿ 33 ಟೆಸ್ಲಾದ ಚೂಪಾದ ಆರು ಗೆರೆಗಳು ಇದಕ್ಕಿಂತ ಬಹಳ ಹೆಚ್ಚು ಪಾಲು ಪಡೆದಿದ್ದರೆ, ಬೆರೆಯದ ಕಬ್ಬಿಣ ಇನ್ನೂ ಉಳಿದಿದೆ ಎಂದೇ ಅರ್ಥ. ಗೆರೆಗಳು ಅಗಲವಾಗಿ, ಒಳಮುಖವಾಗಿ ಜಾರಿದ್ದರೆ ಕ್ರೋಮಿಯಂ ಒಳಹೊಕ್ಕಿದೆ.

ಕೋಯರ್ಸಿವಿಟಿ ಏರಿರುವುದು ನನಗೆ ಅಚ್ಚರಿಯಲ್ಲ. ಹರಳುಕಣವು ಕಬ್ಬಿಣದ ವಿನಿಮಯ ದೂರಕ್ಕಿಂತ (ನೆರೆಯ ಕಾಂತ ಮೊಮೆಂಟ್‌ಗಳು ಒಂದೇ ದಿಕ್ಕಿನಲ್ಲಿ ಉಳಿಯುವ ದೂರ), ಅಂದರೆ ಸುಮಾರು 35 ನ್ಯಾನೊಮೀಟರ್‌ಗಿಂತ ಸಣ್ಣದಾದರೆ ಅನೈಸೊಟ್ರೊಪಿ (ಹರಳಿನ ಕೆಲವು ದಿಕ್ಕುಗಳತ್ತಲೇ ಕಾಂತೀಕರಣದ ಒಲವು) ಸರಾಸರಿಗೊಂಡು ಕೋಯರ್ಸಿವಿಟಿ ಗಾತ್ರದ ಆರನೆಯ ಘಾತದಂತೆ ಕುಸಿಯಬೇಕೆಂಬ ಹರ್ಜರ್ ನಿಯಮ, ಒತ್ತಡವಿಲ್ಲದ ನ್ಯಾನೊಹರಳುಗಳಿಗೆ ಸಲ್ಲುವಂಥದ್ದು. ಅರೆದ ಪುಡಿಯಲ್ಲಿ ಪ್ರತಿ ಹೊಡೆತವೂ ಒತ್ತಡವನ್ನು ಉಳಿಸಿ ಹೋಗುತ್ತದೆ. ಅದು ಕಾಂತವಿರೂಪದ (ಕಾಂತೀಕರಣಕ್ಕೂ ಲೋಹದ ಆಕಾರ ಬದಲಾವಣೆಗೂ ಇರುವ ನಂಟು) ಮೂಲಕ ಡೊಮೈನ್‌ಗಳನ್ನು, ಅಂದರೆ ಒಂದೇ ದಿಕ್ಕಿಗೆ ಕಾಂತೀಕರಣಗೊಂಡ ವಲಯಗಳನ್ನು, ಹಿಡಿದಿಡುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮಾಸ್‌ಬೌವರ್‌ಗೆ ಪುಡಿಯನ್ನು ಕಳುಹಿಸುತ್ತೇನೆ. ಅಷ್ಟರೊಳಗೆ ಕಾಯಿಸುತ್ತ ಕಾಂತೀಕರಣ ಅಳೆದು ಕ್ಯೂರಿ ತಾಪಮಾನವನ್ನು (ಫೆರೊಕಾಂತೀಯತೆ ಅಳಿಯುವ ತಾಪಮಾನ) ಕಂಡುಕೊಳ್ಳಬಹುದಲ್ಲವೇ? 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಳಿತ ಕಂಡರೆ ಶುದ್ಧ ಕಬ್ಬಿಣ ಇದೆಯೆಂದು ತಿಳಿಯುತ್ತದೆ.

ಎರಡನೆಯ ಉತ್ತರದವರು

ತಿಳಿಯುವುದು ಕಾಯಿಸಿದ ನಂತರದ ಪುಡಿಯ ವಿಷಯ, ನೀವು ಮಿಲ್‌ನಿಂದ ತೆಗೆದ ಪುಡಿಯದ್ದಲ್ಲ. ಈ ಸಂಯೋಜನೆ 475 ಡಿಗ್ರಿಯ ಸುಮಾರಿಗೆ ಹೆಚ್ಚು ಹೊತ್ತು ನಿಂತರೆ ಕಬ್ಬಿಣ ಹೆಚ್ಚಿರುವ ಭಾಗ, ಕ್ರೋಮಿಯಂ ಹೆಚ್ಚಿರುವ ಭಾಗ ಎಂದು ಒಡೆಯುತ್ತದೆ. 600 ದಾಟಿದ ಮೇಲೆ, ಅರೆಯುವಾಗ ಬೆರೆಯದೆ ಉಳಿದದ್ದೂ ವಿಸರಣದಿಂದ ಬೆರೆಯತೊಡಗುತ್ತದೆ. ಆದ್ದರಿಂದ ಮಾಸ್‌ಬೌವರ್ ಫಲಿತಾಂಶ ಕೈಸೇರುವವರೆಗೆ ಪುಡಿಯ ಒಂದು ಪಾಲನ್ನು ಕಾಯಿಸದೆ, ಆರ್ಗಾನ್‌ನಲ್ಲೇ ಮುಚ್ಚಿಡಿ. ಇನ್ನೊಂದು ಪಾಲನ್ನು ಕಾಯಿಸುವುದಾದರೆ ಏರುವಾಗಿನ ಮತ್ತು ಇಳಿಯುವಾಗಿನ ಎರಡೂ ವಕ್ರರೇಖೆಗಳನ್ನು ದಾಖಲಿಸಿ. ಅವೆರಡೂ ಒಂದರ ಮೇಲೊಂದು ಬರದಿದ್ದರೆ, ಪುಡಿ ನಿಮ್ಮ ಅಳತೆಯ ನಡುವೆಯೇ ಬದಲಾಗಿದೆ.